ನಾನು ನೆಗೆಟಿವ್ ಎಂದು ಬರೆದ ಮಗು

ಕೋವಿಡ್ ವಾರ್ಡಿನ ಮಂಚಗಳನ್ನು ಉಗ್ರಾಣಕ್ಕೆ ಸಾಗಿಸಿ ವರ್ಷ ಕಳೆದಿತ್ತು. ಆಗ ನಾನು ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಹಿರಿಯ ತಂತ್ರಜ್ಞೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಅದಕ್ಕೂ ಮುಂಚೆ ಮಂಡಿಕಲ್‌ನಲ್ಲಿ ಆರು ವರ್ಷ, ಚಿಂತಾಮಣಿಯಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿದ್ದೆ. ಎಷ್ಟು ಬೆರಳು ಚುಚ್ಚಿದ್ದೇನೋ ದೇವರಿಗೇ ಗೊತ್ತು. ರಕ್ತದ ಗುಂಪು ಹೇಳುವುದು ನನಗೆ ಕಾಫಿ ಸೋಸಿದಷ್ಟು ಸಲೀಸು. ಯಾರಾದರೂ ‘ಇನ್ನೊಂದ್ಸಲ ನೋಡಿ ಮೇಡಂ’ ಎಂದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ‘ಈ ಪ್ರಮೀಳಮ್ಮನ ರಿಪೋರ್ಟಿಗೆ ಇನ್ನೊಂದು ಸಲ ಅನ್ನೋದಿಲ್ಲ’ ಎಂದು ಹೇಳಿ ಕಳಿಸುತ್ತಿದ್ದೆ. ಆ ಜಂಬ ಇಳಿದದ್ದು ಆಷಾಢದ ಒಂದು ಬುಧವಾರ.

ಕಥೆಗೆ ಮೊದಲು ಸ್ವಲ್ಪ ಪಾಠ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕೆಂಪು ರಕ್ತಕಣದ ಮೈಮೇಲೆ ಹಲವು ಬಗೆಯ ಪ್ರೋಟೀನುಗಳಿರುತ್ತವೆ. ಅವುಗಳಲ್ಲಿ ‘ಡಿ’ ಎಂಬುದೊಂದು. ಅದು ಇದ್ದವರು ಪಾಸಿಟಿವ್, ಇಲ್ಲದವರು ನೆಗೆಟಿವ್. ‘ನನ್ನದು ಓ ಪಾಸಿಟಿವ್’ ಎನ್ನುವಾಗ ನಾವು ಹೇಳುವುದು ಈ ಡಿ ವಿಚಾರವನ್ನೇ. ಇದನ್ನು ಪತ್ತೆ ಹಚ್ಚಲು ಲ್ಯಾಬಿನ ಫ್ರಿಜ್ಜಿನಲ್ಲಿ ಒಂದು ಪುಟ್ಟ ಸೀಸೆ ಇರುತ್ತದೆ. ಅದರೊಳಗೆ ಆ್ಯಂಟಿ-ಡಿ ಎಂಬ ಆ್ಯಂಟಿಬಾಡಿ, ಎಂದರೆ ಡಿ ಪ್ರೋಟೀನನ್ನು ಮಾತ್ರ ಹುಡುಕಿ ಹಿಡಿದುಕೊಳ್ಳುವ ವಸ್ತು. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತ, ಒಂದು ಹನಿ ಆ್ಯಂಟಿ-ಡಿ ಹಾಕಿ, ಕಡ್ಡಿಯಲ್ಲಿ ಕಲಸಿ, ಅತ್ತಿತ್ತ ಓಲಾಡಿಸಬೇಕು. ಡಿ ಇದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು, ಹಾಲು ಒಡೆದ ಹಾಗೆ ಗಂಟುಗಂಟಾಗುತ್ತವೆ. ಇಲ್ಲದಿದ್ದರೆ ರಕ್ತ ನುಣ್ಣಗೆ ಹಾಗೇ ಇರುತ್ತದೆ. ಎರಡು ನಿಮಿಷದ ಕೆಲಸ.

ತೊಡಕು ಬರುವುದು ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದಾಗ. ಮೊದಲ ಹೆರಿಗೆಯಲ್ಲಿ ಮಗುವಿನ ರಕ್ತ ಒಂದಿಷ್ಟು ತಾಯಿಯ ಮೈಗೆ ಸೇರುತ್ತದೆ. ತನ್ನಲ್ಲಿಲ್ಲದ ಡಿ ಕಂಡ ಕೂಡಲೇ ತಾಯಿಯ ದೇಹ ಅದರ ವಿರುದ್ಧ ತಾನೇ ಆ್ಯಂಟಿಬಾಡಿ ತಯಾರಿಸಿ ಇಟ್ಟುಕೊಳ್ಳುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎರಡನೆಯದು ಪಾಸಿಟಿವ್ ಆದರೆ ಆ ಆ್ಯಂಟಿಬಾಡಿ ಹೊಟ್ಟೆಯೊಳಗೇ ಮಗುವನ್ನು ಸೇರಿ ಅದರ ರಕ್ತಕಣಗಳನ್ನು ಒಡೆಯತೊಡಗುತ್ತದೆ. ಹೀಗಾಗದಿರಲೆಂದು ಮೊದಲ ಹೆರಿಗೆಯಾದ ಮೂರು ದಿನದೊಳಗೆ ತಾಯಿಗೆ ಆ್ಯಂಟಿ-ಡಿಯದೇ ಒಂದು ಇಂಜೆಕ್ಷನ್ ಕೊಡುತ್ತಾರೆ. ತಾಯಿಯ ದೇಹ ಗುರುತಿಸುವ ಮೊದಲೇ ಅದು ಮಗುವಿನ ಕಣಗಳನ್ನು ಅಳಿಸಿಬಿಡುತ್ತದೆ.

ಶಬೀನಾ ಶಿಡ್ಲಘಟ್ಟದ ರೀಲರ್ ಮನೆಯ ಸೊಸೆ. ರೀಲರ್ ಎಂದರೆ ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ನೆನೆಸಿ ನೂಲು ತೆಗೆಯುವವರು. ಅವಳ ಗಂಡ ಇಮ್ತಿಯಾಜ್ ಹತ್ತು ವರ್ಷದವನಿದ್ದಾಗಿನಿಂದ ಅದೇ ಕೆಲಸ ಕಂಡವನು. ಶಬೀನಾಳ ಗುಂಪು ಓ ನೆಗೆಟಿವ್. ಮೊದಲ ಹೆರಿಗೆ ತವರಿನಲ್ಲಿ, ಗೌರಿಬಿದನೂರಿನಲ್ಲಿ ಆಗಿತ್ತು. ಈಗ ಎರಡನೆಯದು. ಅವಳ ಕೇಸ್ ಶೀಟಿನಲ್ಲಿ ‘ಹಿಂದಿನ ಹೆರಿಗೆಯಲ್ಲಿ ಆ್ಯಂಟಿ-ಡಿ ಕೊಡಲಾಗಿದೆ’ ಎಂದು ಯಾರೋ ಬರೆದಿದ್ದರು. ಮಂಗಳವಾರ ಸಂಜೆ ಆರಕ್ಕೆ ಹೆಣ್ಣು ಮಗು ಹುಟ್ಟಿತು. ಹೊಕ್ಕುಳಬಳ್ಳಿಯಿಂದ ತೆಗೆದ ರಕ್ತ ಬುಧವಾರ ಬೆಳಿಗ್ಗೆ ನನ್ನ ಮೇಜಿಗೆ ಬಂತು.

ಎಂದಿನಂತೆ ಸ್ಲೈಡಿನ ಮೇಲೆ ಹಾಕಿದೆ. ಗುಂಪು ಓ. ಆ್ಯಂಟಿ-ಡಿ ಹನಿಯಲ್ಲಿ ಗಂಟು ಕಟ್ಟಲಿಲ್ಲ. ಆದರೆ ಅಂಚಿನಲ್ಲಿ ಸಣ್ಣ ಸಣ್ಣ ಕಾಳಿನಂಥದ್ದೇನೋ ಕಂಡ ಹಾಗಾಯಿತು. ಕನ್ನಡಕ ಏರಿಸಿ ನೋಡಿದೆ. ಇದೆಯೋ ಇಲ್ಲವೋ ಎನ್ನುವಂತೆ ಇತ್ತು. ಹೊಕ್ಕುಳಬಳ್ಳಿಯಲ್ಲಿ ಲೋಳೆಯಂಥ ಪದಾರ್ಥವೊಂದಿರುತ್ತದೆ, ಅದು ರಕ್ತಕ್ಕೆ ಸೇರಿದರೆ ಇಂಥ ಸುಳ್ಳು ಕಾಳುಗಳು ಕಾಣುವುದುಂಟು. ಲೋಳೆಯೇ ಇರಬೇಕು ಎಂದುಕೊಂಡು ‘ಓ ನೆಗೆಟಿವ್’ ಎಂದು ಬರೆದು ಸಹಿ ಮಾಡಿದೆ. ಗಂಟೆ ಒಂಬತ್ತು. ಹೊರಗೆ ಸಕ್ಕರೆ ಪರೀಕ್ಷೆಗೆ ಬಂದವರ ಸಾಲು ಬಾಗಿಲವರೆಗೆ ನಿಂತಿತ್ತು.

ಹತ್ತಕ್ಕೆ ಇಮ್ತಿಯಾಜನ ತಾಯಿ ಖೈರುನ್ ಬೀ ರಿಪೋರ್ಟ್ ಕೇಳಿಕೊಂಡು ಬಂದರು. ಅರವತ್ತು ದಾಟಿದ ಹೆಂಗಸು. ಹುಟ್ಟಿದಾಗಿನಿಂದ ಗೂಡು ಆರಿಸಿದ ಕೈ.

“ಅಮ್ಮಾ, ಮಗು ಹಳದಿ ಆಗ್ತಾ ಐತೆ.”

“ಹುಟ್ಟಿದ ಮಕ್ಕಳು ಸ್ವಲ್ಪ ಹಳದಿ ಆಗ್ತವೆ ಬೀ. ಮೂರು ದಿನಕ್ಕೆ ಎಲ್ಲಾ ಮಕ್ಕಳಿಗೂ ಇದ್ದದ್ದೇ.”

“ಮೂರು ದಿನ ಎಲ್ಲಾಯ್ತು? ನಿನ್ನೆ ಸಂಜೆ ಹುಟ್ಟಿದ್ದು. ನಾನು ಬಿಳಿ ಗೂಡು, ಹಳದಿ ಗೂಡು ಬೇರೆ ಮಾಡಿ ಮಾಡಿ ಮುದುಕಿ ಆದೋಳು. ನನ್ ಕಣ್ಣು ಸುಳ್ಳು ಹೇಳಲ್ಲ ಕಣಮ್ಮಾ.”

ನಾನು ರಿಪೋರ್ಟನ್ನು ಅವರ ಮುಂದೆ ಹಿಡಿದು, ಬೆರಳಿಟ್ಟು ತೋರಿಸಿದೆ. “ತಾಯೀನೂ ನೆಗೆಟಿವ್, ಮಗೂನೂ ನೆಗೆಟಿವ್. ಇಬ್ಬರ ರಕ್ತಕ್ಕೂ ಜಗಳ ಇಲ್ಲ. ಇಂಜೆಕ್ಷನ್ನೂ ಬೇಕಾಗಿಲ್ಲ. ಹೋಗಿ ಸ್ವೀಟ್ ಹಂಚಿ.” ಅವರು ನನ್ನ ಮುಖ ನೋಡಿದರು, ಕಾಗದ ನೋಡಿದರು, ವಾರ್ಡಿಗೆ ಹೋದರು. ಮಕ್ಕಳ ವೈದ್ಯ ಡಾ. ಶ್ರೀಧರ್ ಕೂಡ ಆ ಕಾಗದವನ್ನೇ ನಂಬಿ, ನೋಡೋಣ ಎಂದು ಮಗುವನ್ನು ಹಳದಿ ಇಳಿಸುವ ನೀಲಿ ದೀಪದ ಕೆಳಗೆ ಮಲಗಿಸಿದ್ದರು.

ಮಧ್ಯಾಹ್ನ ಮೂರಕ್ಕೆ ಬಿಲಿರುಬಿನ್ ಪರೀಕ್ಷೆಗೆ ಅದೇ ಮಗುವಿನ ರಕ್ತ ಬಂತು. ರಕ್ತಕಣ ಒಡೆದಾಗ ಬರುವ ಹಳದಿ ಪದಾರ್ಥವೇ ಬಿಲಿರುಬಿನ್. ಒಂದು ದಿನವೂ ತುಂಬದ ಮಗುವಿನಲ್ಲಿ ಅದು ಐದಾರು ದಾಟಿದರೇ ನಾವು ಹುಬ್ಬೇರಿಸುತ್ತೇವೆ. ಯಂತ್ರ ಹದಿನಾರು ತೋರಿಸಿತು. ಯಂತ್ರ ಕೆಟ್ಟಿದೆ ಎಂದು ಮತ್ತೆ ಹಾಕಿದೆ. ಹದಿನಾರು ಪಾಯಿಂಟ್ ಎರಡು. ಇದು ಇನ್ನೂ ಏರಿದರೆ ಮಿದುಳಿಗೆ ಇಳಿಯುತ್ತದೆ. ಮಗು ಉಳಿಯುವುದಿಲ್ಲ, ಉಳಿದರೂ ಕಿವಿಯೋ ಕೈಕಾಲೋ ಹೋಗುತ್ತದೆ.

ಶ್ರೀಧರ್ ಓಡಿ ಬಂದರು. “ಮೇಡಂ, ಇದ್ಯಾಕೆ ಹೀಗೆ? ತಾಯಿ ಓ, ಮಗು ಓ. ಇಬ್ರೂ ನೆಗೆಟಿವ್. ಇಂಜೆಕ್ಷನ್ ಬೇರೆ ಆಗಿದೆ. ಕಣ ಒಡೀತಿರೋದು ಯಾಕೆ?”

“ನಂಗೂ ತಲೆ ಓಡ್ತಿಲ್ಲ ಡಾಕ್ಟ್ರೇ,” ಎಂದೆ. ನಿಜಕ್ಕೂ ಓಡುತ್ತಿರಲಿಲ್ಲ.

ಮಗುವಿನ ರಕ್ತ ಪೂರ್ತಿ ಬದಲಾಯಿಸಬೇಕು, ಆ ಸೌಲಭ್ಯ ನಮ್ಮಲ್ಲಿಲ್ಲ, ಬೆಂಗಳೂರಿಗೇ ಕಳಿಸಬೇಕು. ಶ್ರೀಧರ್ ಫೋನ್ ಮಾಡಿದರು. ಅಲ್ಲಿನವರು ಕೇಳಿದ್ದು ಒಂದೇ ಪ್ರಶ್ನೆ: ಯಾವ ಆ್ಯಂಟಿಬಾಡಿ? ಡಿ ವಿರುದ್ಧದ್ದೇ ಎಂದು ಖಚಿತವಾಗಿದ್ದರೆ ಓ ನೆಗೆಟಿವ್ ರಕ್ತವನ್ನು ಈಗಲೇ ಸಿದ್ಧ ಮಾಡಿಡುತ್ತೇವೆ. ಮಗು ನೆಗೆಟಿವ್ ಆಗಿದ್ದರೆ ಇದು ಬೇರೆ ಯಾವುದೋ ಪ್ರೋಟೀನಿನ ಜಗಳ, ನೆಗೆಟಿವ್ ರಕ್ತದಲ್ಲೇ ಆ ಪ್ರೋಟೀನ್ ಇರಬಹುದು, ಕಣ್ಣು ಮುಚ್ಚಿ ಕೊಡಲಾಗದು. ಮಗು ಬಂದ ಮೇಲೆ ನಾವೇ ಹುಡುಕಬೇಕು, ಮೂರು ನಾಲ್ಕು ಗಂಟೆಯಾದರೂ ಬೇಕು ಎಂದರು. ಆಂಬುಲೆನ್ಸ್ ಬೇರೊಬ್ಬ ರೋಗಿಯನ್ನು ಬಿಟ್ಟು ಬರಲು ಮುಕ್ಕಾಲು ಗಂಟೆಯಿತ್ತು. ಅಷ್ಟರೊಳಗೆ ನಾನು ಉತ್ತರ ಹೇಳಿದರೆ ಮಗುವಿಗೆ ಆ ಮೂರು ನಾಲ್ಕು ಗಂಟೆ ಉಳಿಯುತ್ತಿತ್ತು.

ಮೊದಲು ಕೂಂಬ್ಸ್ ಪರೀಕ್ಷೆ ಮಾಡಿದೆ. ರಕ್ತಕಣಕ್ಕೆ ಆ್ಯಂಟಿಬಾಡಿ ಆಗಲೇ ಅಂಟಿದೆಯೇ ಎಂದು ಹೇಳುವ ಪರೀಕ್ಷೆ ಅದು. ಒಂದೇ ಗಟ್ಟಿ ಗಂಟಾಗಿ ಬಂತು. ಎಂದರೆ ಮಗುವಿನ ಕಣಗಳಿಗೆ ಅದು ದಂಡಿಯಾಗಿ ಅಂಟಿದೆ. ತಾಯಿಯ ಸೀರಮ್, ಎಂದರೆ ಕಣ ಬಿಟ್ಟು ಉಳಿದ ರಕ್ತದ ತಿಳಿ, ತೆಗೆದು ಪಾಸಿಟಿವ್ ಕಣಗಳ ಜೊತೆ ಇಟ್ಟೆ, ಕಚ್ಚಿತು. ನೆಗೆಟಿವ್ ಕಣಗಳ ಜೊತೆ ಇಟ್ಟೆ, ಕಚ್ಚಲಿಲ್ಲ. ಎಂದರೆ ತಾಯಿಯಲ್ಲಿರುವುದು ಡಿ ವಿರುದ್ಧದ ಆ್ಯಂಟಿಬಾಡಿಯೇ. ಆದರೆ ಮಗುವಿನಲ್ಲಿ ಡಿ ಇಲ್ಲವಲ್ಲ! ಇಲ್ಲದ ಪ್ರೋಟೀನಿಗೆ ಅದು ಹೋಗಿ ಅಂಟಿದ್ದಾದರೂ ಹೇಗೆ? ಹೆರಿಗೆ ವಾರ್ಡಿನಲ್ಲಿ ಸ್ಯಾಂಪಲ್ ಅದಲುಬದಲಾಗಿದೆ ಎಂದು ನರ್ಸ್ ಮೇಲೆ ರೇಗಿದೆ. ಪಾಪ, ಅವಳು ಕಣ್ಣಲ್ಲಿ ನೀರು ತುಂಬಿಕೊಂಡಳು. ನಾನೇ ಹೋಗಿ ಮಗುವಿನ ಹಿಮ್ಮಡಿಯಿಂದ ರಕ್ತ ತಂದು ನೋಡಿದೆ. ಮತ್ತೆ ನೆಗೆಟಿವ್. ನರ್ಸ್ ತಪ್ಪೇನೂ ಇರಲಿಲ್ಲ.

ಅಷ್ಟರಲ್ಲಿ ಶ್ರೀಧರ್ ಹೇಳಿದ್ದಕ್ಕೆ ಇಮ್ತಿಯಾಜ್ ಗೌರಿಬಿದನೂರಿಗೆ, ಅತ್ತೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ಆ ಇಂಜೆಕ್ಷನ್ ನಿಜವಾಗಿ ಕೊಡಿಸಿದ್ದರೇ ಎಂದು ವೈದ್ಯರು ಕೇಳಿದರು. ಆ ತಾಯಿ ಎರಡು ಸಲ ‘ಕೊಡ್ಸಿದ್ವಿ ಕೊಡ್ಸಿದ್ವಿ’ ಎಂದರು. ಮೂರನೆಯ ಸಲಕ್ಕೆ ದನಿ ತಗ್ಗಿತು. “ಎರಡನೇ ದಿನವೇ ಮನೇಗೆ ಕರ್ಕೊಂಡ್ ಬಂದ್ಬಿಟ್ವಿ ಸಾರ್. ನಾಳೆ ಬಂದು ಒಂದು ಸೂಜಿ ಹಾಕಿಸ್ಕೊಂಡ್ ಹೋಗಿ ಅಂದಿದ್ರು. ಬಾಣಂತೀನ ಹೊಸ್ತಿಲು ದಾಟಿಸಿ ಗಾಳೀಗೆ ಹೇಗೆ ಕರ್ಕೊಂಡ್ ಹೋಗೋದು? ನಲವತ್ತು ದಿನ ಆಗ್ಲಿ ಅಂದ್ವಿ. ಆಮೇಲೆ ಹೋದಾಗ ಟೈಮ್ ಆಗೋಯ್ತು ಅಂದ್ರು. ಅಳಿಯಂದಿರ ಮನೇಲಿ ಬೈತಾರೆ ಅಂತ ಆಯ್ತು ಅಂತ ಹೇಳಿದ್ವಿ.” ಇಮ್ತಿಯಾಜ್ ಫೋನ್ ಕಟ್ ಮಾಡಿದ. ಬೈಯುವ ಹಕ್ಕು ನನಗೂ ಇರಲಿಲ್ಲ. ನಮ್ಮ ಮನೆಯಲ್ಲೂ ನನ್ನನ್ನು ಬಾಣಂತನದಲ್ಲಿ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ಒಂದು ಗೋಜಲು ಬಿಡಿಸಿದಂತಾಯಿತು, ಇನ್ನೊಂದು ಹಾಗೇ ಉಳಿಯಿತು. ನಾನು ಸ್ಟೂಲಿನ ಮೇಲೆ ಕೂತೆ. ಎಂದೋ ಟ್ರೈನಿಂಗಿನಲ್ಲಿ ನಮ್ಮ ಮೇಷ್ಟರು ಹೇಳಿದ್ದು, ನೋಟ್ಸಿನಲ್ಲಿ ಬರೆದುಕೊಂಡು ಪರೀಕ್ಷೆಯಾದ ಮೇಲೆ ಮರೆತದ್ದು, ಆಗ ನೆನಪಾಯಿತು. ಶಿಡ್ಲಘಟ್ಟದ ಬಸ್ಸು ಬಂದು ನಿಂತಾಗ ಕಿಟಕಿಯಿಂದಲೇ ಟವಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಸೀಟು ಇದೆ, ಆದರೆ ಹತ್ತಿದವರಿಗೆ ಕೂರಲು ಜಾಗವಿಲ್ಲ. ತಾಯಿಯ ಆ್ಯಂಟಿಬಾಡಿ ಮಗುವಿನ ಡಿ ಪ್ರೋಟೀನುಗಳ ಮೇಲೆಲ್ಲ ಮೊದಲೇ ಕೂತುಬಿಟ್ಟಿದ್ದರೆ ನನ್ನ ಸೀಸೆಯ ಆ್ಯಂಟಿ-ಡಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಆಗ ರಕ್ತ ನುಣ್ಣಗೆ ಕಾಣುತ್ತದೆ, ನನ್ನಂಥವರು ನೆಗೆಟಿವ್ ಎಂದು ಬರೆಯುತ್ತಾರೆ. ರೋಗ ಹೆಚ್ಚಾದಷ್ಟೂ ಪರೀಕ್ಷೆ ಏನೂ ಇಲ್ಲ ಎನ್ನುತ್ತದೆ! ಬೆಳಿಗ್ಗೆ ಕಂಡ ಕಾಳು ಲೋಳೆಯಲ್ಲ, ಅಲ್ಲಲ್ಲಿ ಖಾಲಿ ಉಳಿದಿದ್ದ ಡಿ.

ಇದನ್ನು ಸಾಬೀತು ಮಾಡಲು ದಾರಿ ಒಂದಿತ್ತು. ಕಣಗಳನ್ನು ನಲವತ್ತೈದು ಡಿಗ್ರಿ ಬಿಸಿಯಲ್ಲಿ ಹತ್ತು ನಿಮಿಷ ಇಟ್ಟರೆ ಅಂಟಿದ ಆ್ಯಂಟಿಬಾಡಿ ಸಾಕಷ್ಟು ಬಿಟ್ಟುಕೊಳ್ಳುತ್ತದೆ. ಆಮೇಲೆ ತೊಳೆದು ನೋಡಬೇಕು. ಬಿಸಿ ಕಡಿಮೆಯಾದರೆ ಬಿಡುವುದಿಲ್ಲ, ಹೆಚ್ಚಾದರೆ ಕಣವೇ ಒಡೆಯುತ್ತದೆ. ನಮ್ಮ ವಾಟರ್ ಬಾತ್, ಎಂದರೆ ನೀರನ್ನು ಒಂದೇ ಬಿಸಿಯಲ್ಲಿಡುವ ಪೆಟ್ಟಿಗೆ, ಮೂವತ್ತೇಳರಲ್ಲಿ ಮಾತ್ರ ಸರಿಯಾಗಿರುತ್ತಿತ್ತು. ಗುಂಡಿ ತಿರುಗಿಸಿದೆ. ಅದು ನಲವತ್ತೈದನ್ನು ದಾಟಿ ಐವತ್ತಾರಕ್ಕೆ ಹೋಗಿದ್ದು ನನ್ನ ಗಮನಕ್ಕೆ ಬರುವಷ್ಟರಲ್ಲಿ ಟ್ಯೂಬಿನ ಕಣಗಳೆಲ್ಲ ಒಡೆದು ಕೆಂಪು ನೀರಾಗಿತ್ತು. ಉಳಿದ ರಕ್ತ ಟ್ಯೂಬಿನ ತಳದಲ್ಲಿ ನಾಲ್ಕೈದು ಹನಿ. ನನಗೆ ಅಳುವೇ ಬಂತು.

ತಾಯಿಯ ಸ್ಯಾಂಪಲ್ ತಂದು ಕೊಟ್ಟ ಇಮ್ತಿಯಾಜ್ ಬಾಗಿಲಲ್ಲೇ ನಿಂತಿದ್ದ.

“ಎಷ್ಟು ಬಿಸಿ ಬೇಕು ಮೇಡಂ?”

“ನಲವತ್ತೈದು. ಹತ್ತು ನಿಮಿಷ ಆಚೀಚೆ ಆಗಬಾರದು. ಈ ಹಾಳು ಡಬ್ಬಿ ನಿಲ್ಲಿಸ್ತಿಲ್ಲ.”

“ನಮ್ ಬೇಸಿನ್ ನೀರು ಅಷ್ಟೇ ಇರ್ತದೆ. ಕಡ್ಮೆ ಆದ್ರೆ ಎಳೆ ಬಿಡಲ್ಲ, ಜಾಸ್ತಿ ಆದ್ರೆ ಗೂಡು ಕರಗೋಗ್ತದೆ. ನಾನು ಇಡ್ತೀನಿ, ಕೊಡಿ.”

ಬೇರೆ ದಿನವಾಗಿದ್ದರೆ ರೋಗಿಯ ಕಡೆಯವರನ್ನು ಲ್ಯಾಬಿನ ಹೊಸ್ತಿಲಿಗೂ ಸೇರಿಸುತ್ತಿರಲಿಲ್ಲ. ಅಂದು ಸ್ಟೀಲಿನ ಬೋಗುಣಿ, ಕೆಟಲ್, ತಣ್ಣೀರಿನ ಜಗ್ ಅವನ ಮುಂದಿಟ್ಟೆ. ಅವನು ಬೆರಳು ಅದ್ದಿದ. ನೀರಿನಲ್ಲೇ ಇದ್ದು ಇದ್ದು ಬಿಳುಚಿ ಬಿರಿದ ಬೆರಳುಗಳು. ಒಂದು ಲೋಟ ಬಿಸಿ, ಅರ್ಧ ಲೋಟ ತಣ್ಣೀರು, ಮತ್ತೆ ಬೆರಳು. “ಈಗ ನೋಡಿ,” ಎಂದ. ಥರ್ಮಾಮೀಟರ್ ಹಾಕಿದೆ. ನಲವತ್ತೈದಕ್ಕೆ ಅರ್ಧ ಗೆರೆ ಕಮ್ಮಿ. ನಾನು ಎರಡು ಟ್ಯೂಬ್ ಇಳಿಸಿದೆ, ಒಂದರಲ್ಲಿ ಮಗುವಿನ ಕಣ, ಇನ್ನೊಂದರಲ್ಲಿ ತಾಯಿಯದು. ತಾಯಿ ನಿಜವಾದ ನೆಗೆಟಿವ್ ಆದ್ದರಿಂದ ಅವಳ ಕಣ ಗಂಟು ಕಟ್ಟಬಾರದು. ಕಟ್ಟಿದರೆ ಬಿಸಿಯೇ ಮೋಸ ಮಾಡಿದೆ ಎಂದರ್ಥ. ಹತ್ತು ನಿಮಿಷ ಅವನು ಬೋಗುಣಿಯಿಂದ ಕಣ್ಣೆತ್ತಲಿಲ್ಲ. ನೀರು ತಣ್ಣಗಾಗುವ ಮೊದಲೇ ಒಂದು ಗುಟುಕು ಬಿಸಿ ಸೇರಿಸುತ್ತಿದ್ದ. ಥರ್ಮಾಮೀಟರಿನ ಗೆರೆ ಒಂದು ಡಿಗ್ರಿಯೂ ಅಲುಗಲಿಲ್ಲ.

ಮೂರು ಸಲ ಸೆಂಟ್ರಿಫ್ಯೂಜಿನಲ್ಲಿ ಸುತ್ತಿಸಿ ತೊಳೆದೆ. ಎರಡಕ್ಕೂ ಆ್ಯಂಟಿ-ಡಿ ಹನಿ ಹಾಕಿದೆ. ತಾಯಿಯ ಟ್ಯೂಬು ನುಣ್ಣಗಿತ್ತು. ಮಗುವಿನ ಟ್ಯೂಬು ಓರೆ ಮಾಡಿದೆ. ತಳದಿಂದ ಗಂಟುಗಳು ಎದ್ದವು, ದೊಡ್ಡ ದೊಡ್ಡವು, ಕನ್ನಡಕವಿಲ್ಲದವರಿಗೂ ಕಾಣುವಂಥವು. ಮಗು ಪಾಸಿಟಿವ್. ಬೆಳಿಗ್ಗೆಯಿಂದಲೂ ಪಾಸಿಟಿವ್ ಆಗಿಯೇ ಇತ್ತು.

ಬೆಳಗಿನ ರಿಪೋರ್ಟನ್ನು ವಾರ್ಡಿಗೆ ತೆಗೆದುಕೊಂಡು ಹೋಗಿ, ಎಲ್ಲರೆದುರು ಗೀಟು ಎಳೆದು, ‘ಓ ಪಾಸಿಟಿವ್, ತಾಯಿಯ ಆ್ಯಂಟಿ-ಡಿಯಿಂದ ಮುಚ್ಚಿಹೋಗಿತ್ತು’ ಎಂದು ಬರೆದು ಮತ್ತೆ ಸಹಿ ಹಾಕಿದೆ. ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಖೈರುನ್ ಬೀ “ಬೆಳಿಗ್ಗೇನೇ ಹೇಳ್ದೆ” ಎಂದರು, ಅಷ್ಟೇ. ಶ್ರೀಧರ್ ಬೆಂಗಳೂರಿಗೆ ಫೋನ್ ಮಾಡಿದರು. ಆಂಬುಲೆನ್ಸ್ ಹೊರಟಾಗ ಇನ್ನೂ ಬಿಸಿಲಿತ್ತು. ಅದು ತಲುಪುವಷ್ಟರಲ್ಲಿ ಅಲ್ಲಿ ರಕ್ತ ಸಿದ್ಧವಾಗಿತ್ತು. ಮಗುವಿನ ರಕ್ತ ಬದಲಾಯಿಸಿದರು. ಹನ್ನೆರಡನೆಯ ದಿನ ಮಗು ಮನೆಗೆ ಬಂತು.

ಹನ್ನೊಂದು ತಿಂಗಳ ಮೇಲೆ ಶಬೀನಾ ಮಗುವಿನ ಹಿಮೋಗ್ಲೋಬಿನ್ ನೋಡಿಸಲು ಬಂದಳು. ಆಫಿಯಾ ಎಂದು ಹೆಸರಿಟ್ಟಿದ್ದರು. ಗುಂಡುಗುಂಡಗಿದ್ದ ಮಗು ಬಂದದ್ದೇ ನನ್ನ ಕನ್ನಡಕ ಕಿತ್ತುಕೊಂಡಿತು. ನಾನು ನಕ್ಕೆ. ಆಮೇಲೆ ಶಬೀನಾ ಹೇಳಿದಳು, “ಬಲಗಿವಿ ಚೆನ್ನಾಗೈತೆ ಮೇಡಂ. ಎಡಗಿವಿ ಕೇಳ್ಸೋದು ಕಮ್ಮಿ ಅಂತೆ. ಮೆಷಿನ್ ಹಾಕ್ಬೇಕಾಗ್ಬೋದು ಅಂದ್ರು.”

ಸುಮ್ಮನಿದ್ದುಬಿಡಬಹುದಿತ್ತು, ಅವಳಿಗೇನೂ ತಿಳಿಯುತ್ತಿರಲಿಲ್ಲ. ಆದರೆ ಆ ಹನ್ನೊಂದು ತಿಂಗಳು ಅದನ್ನು ಒಳಗಿಟ್ಟುಕೊಂಡು ನನಗೂ ಸಾಕಾಗಿತ್ತು. ಅವಳನ್ನು ಕೂರಿಸಿ ಎಲ್ಲ ಹೇಳಿದೆ. ಬೆಳಿಗ್ಗೆ ಒಂಬತ್ತಕ್ಕೆ ನನಗೆ ಅನುಮಾನ ಬಂದಿತ್ತು, ಆದರೂ ನೆಗೆಟಿವ್ ಎಂದು ಬರೆದೆ. ನಿಜ ಹುಡುಕಲು ಹೊರಟಿದ್ದು ಮಧ್ಯಾಹ್ನ ಮೂರಕ್ಕೆ. ನಡುವೆ ಆರು ಗಂಟೆ ನನ್ನಿಂದ ಹೋಯಿತು ಎಂದೆ.

ಅವಳು ಮಗುವಿನ ಎಡಗಿವಿ ಸವರಿದಳು. ಆಮೇಲೆ ಕೇಳಿದಳು, “ಆ ಆರು ಗಂಟೆ ಮುಂಚೆ ಹೋಗಿದ್ರೆ ಇದಕ್ಕೆ ಕೇಳ್ಸ್ತಿತ್ತಾ ಮೇಡಂ?”

“ಗೊತ್ತಿಲ್ಲಮ್ಮಾ,” ಎಂದೆ. “ಕೇಳ್ಸ್ತಿತ್ತೋ ಏನೋ. ನಿಜವಾಗ್ಲೂ ನಂಗೆ ಗೊತ್ತಿಲ್ಲ.”

ಅವಳು ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಕಣ್ಣೊರೆಸಿಕೊಂಡು ಮಗುವಿನ ಕೈ ಹಿಡಿದು ನನ್ನ ಮುಂದೆ ಚಾಚಿದಳು. “ಮೆತ್ತಗೆ ಚುಚ್ಚಿ,” ಎಂದಳು.

ಮೂವತ್ತು ವರ್ಷ ನಾನು ಎರಡೇ ಪದ ಬರೆದು ಸಂಬಳ ತೆಗೆದುಕೊಂಡೆ, ಪಾಸಿಟಿವ್ ಇಲ್ಲವೇ ನೆಗೆಟಿವ್. ‘ಖಚಿತವಿಲ್ಲ, ಮತ್ತೆ ನೋಡಬೇಕು’ ಎಂದು ಬರೆಯಲು ಆ ಕಾಗದದಲ್ಲಿ ಬೇಕಾದಷ್ಟು ಜಾಗವಿತ್ತು. ಬರೆದರೆ ಕೆಲಸ ಗೊತ್ತಿಲ್ಲದವಳು ಅಂದುಕೊಳ್ಳುತ್ತಾರೆ ಎಂಬ ಹೆದರಿಕೆಗೆ ಬರೆದಿರಲಿಲ್ಲ. ಕಾಣಲಿಲ್ಲ ಎನ್ನುವುದು ಬೇರೆ, ಇಲ್ಲ ಎನ್ನುವುದು ಬೇರೆ. ಇಷ್ಟು ಕಲಿಯಲು ನನಗೆ ಒಂದು ಕೂಸಿನ ಕಿವಿ ಬೇಕಾಯಿತೋ ಏನೋ, ಅದೂ ನನಗೆ ಗೊತ್ತಿಲ್ಲ. ಉಳಿದ ಸರ್ವೀಸಿನಲ್ಲಿ ‘ಖಚಿತವಿಲ್ಲ’ ಎಂದು ಹದಿನಾಲ್ಕು ಸಲ ಬರೆದೆ. ಹದಿಮೂರು ಸಲ ಏನೂ ಇರಲಿಲ್ಲ, ಸುಮ್ಮನೆ ಗಾಬರಿ ಮಾಡಿಸ್ತೀರ ಎಂದು ಡಾಕ್ಟರುಗಳು ರೇಗಿದರು. ರೇಗಲಿ ಬಿಡಿ.